ಅತ್ತೆಯ ಮದುವೆ ಕ್ಯಾಸೆಟ್

ಯೋಗೀಶನ ಬಾಯಿ ಸುಮ್ಮನಿರಲಿಲ್ಲ, ಅದೇ ಎಲ್ಲದಕ್ಕೂ ಮೂಲ. ದಾವಣಗೆರೆಯಿಂದ ಮಾವನ ಜೊತೆ ಘಾಜಿಯಾಬಾದಿನ ಮಗಳ ಮನೆಗೆ ಬಂದಿಳಿದ ಅತ್ತೆ ಲೀಲಾವತಿ, ಪೆಟ್ಟಿಗೆಯಿಂದ ತಮ್ಮ ಮದುವೆಯ ವಿಡಿಯೋ ಕ್ಯಾಸೆಟ್ ತೆಗೆದು, ಬೂಷ್ಟು ಹಿಡಿದಿದೆಯೆಂದು ಪೇಚಾಡಿದರು. ತೀರಿಹೋದ ಅಮ್ಮ ಓಡಾಡುವುದನ್ನು ಇನ್ನೊಮ್ಮೆ ನೋಡಲು ಅವರಿಗಿದ್ದದ್ದು ಅದೊಂದೇ ದಾರಿ. ಯೋಗೀಶ ಅನ್ನಕ್ಕೆ ಸಾರು ಕಲಸುತ್ತಾ, "ಅದೇನು ಮಹಾ ಅತ್ತೆ, ಭಾನುವಾರ ಟೀವೀಲೇ ತೋರಿಸ್ತೀನಿ" ಅಂದುಬಿಟ್ಟ.

ಅತ್ತೆ ಅಪಾರ್ಟ್‌ಮೆಂಟಿನ ಅದೇ ಮಹಡಿಯವರನ್ನೆಲ್ಲ ಭಾನುವಾರ ಸಂಜೆ ಚಹಾಕ್ಕೆ ಕರೆದರು. ಹೆಂಡತಿ ಲಾವಣ್ಯಾ ರಾತ್ರಿ ಮಲಗುವಾಗ ತಣ್ಣಗೆ ಹೇಳಿದಳು: "ಅದು ಹಾಳಾದ್ರೆ ಅಮ್ಮ ಈ ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ. ನಾನೂ ಅಷ್ಟೆ."

ವಿಸಿಆರ್ ಸಿಕ್ಕಿದ್ದು ಎದುರು ಫ್ಲ್ಯಾಟಿನ ತ್ಯಾಗಿಯವರಲ್ಲಿ. ಒಂದು ಕಾಲಕ್ಕೆ ವಿಡಿಯೋ ಪಾರ್ಲರ್ ನಡೆಸಿದವರು. ಮಷೀನ್ ಜೊತೆಗೆ ತ್ಯಾಗಿಯವರೂ ಬಂದು ಬೆಡ್‌ರೂಮಿನಲ್ಲಿ ಕುಳಿತರು. ಬೂಷ್ಟು ಅಂಟಿದ ಟೇಪನ್ನು ಹಾಗೇ ಓಡಿಸಿದರೆ ಹರಿದುಹೋಗುತ್ತದೆಂದು ಯೋಗೀಶ ಯೂಟ್ಯೂಬಿನಲ್ಲಿ ನೋಡಿಕೊಂಡಿದ್ದ. ತ್ಯಾಗಿಯವರಿಗೆ ಅದು ಹುಡುಗಾಟ ಅನ್ನಿಸಿತು. ತಮ್ಮ ಕಾಲದಲ್ಲಿ ಒಮ್ಮೆ ಊದಿ ಒಳಗೆ ತಳ್ಳಿದರೆ ಮುಗಿಯಿತಂತೆ. ಹತ್ತಿ ಸುತ್ತಿದ ಕಡ್ಡಿಯಿಂದ ಮಷೀನಿನಲ್ಲಿ ಟೇಪು ಓದುವ ಹೆಡ್ಡನ್ನು ಮೇಲಿಂದ ಕೆಳಕ್ಕೆ ಗಸಗಸ ಉಜ್ಜಲು ಹೊರಟವರ ಕೈಯನ್ನು ಯೋಗೀಶ ಹಿಡಿದುಕೊಳ್ಳಬೇಕಾಯಿತು. ಹಾಗೆ ಉಜ್ಜಿದರೆ ಹೆಡ್ಡೇ ಮುರಿಯುತ್ತದೆ.

ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಮೆತ್ತನೆ ಬಟ್ಟೆಗೆ ಸ್ಪಿರಿಟ್ ಮುಟ್ಟಿಸಿ, ಟೇಪನ್ನು ಕೈಯಲ್ಲೇ ಸುತ್ತುತ್ತಾ ಒರೆಸುವುದರಲ್ಲಿ ಭಾನುವಾರದ ಬೆಳಗೆಲ್ಲ ಕಳೆಯಿತು. ನಡುನಡುವೆ ಮಾವ ವೆಂಕಟಸುಬ್ಬಯ್ಯ ಬಾಗಿಲಲ್ಲಿ ಇಣುಕಿ, "ಆಗದಿದ್ರೆ ಬಿಟ್ಬಿಡಿ ಅಳಿಯಂದ್ರೇ" ಅನ್ನುತ್ತಿದ್ದರು. ತನ್ನ ಕೈಲಾಗದು ಎಂದು ಮಾವ ಆಡಿಕೊಳ್ಳುತ್ತಿದ್ದಾರೆಂದು ಅವನಿಗೆ ಹಟ ಹೆಚ್ಚಾಯಿತು.

ಊಟಕ್ಕೆ ಎದ್ದು ಹೋದದ್ದೇ ತಪ್ಪು. ಅವನು ಮೊಸರನ್ನಕ್ಕೆ ಬರುವಷ್ಟರಲ್ಲಿ ತ್ಯಾಗಿಯವರು ತಾಳ್ಮೆಗೆಟ್ಟು ಕ್ಯಾಸೆಟ್ಟನ್ನು ಮಷೀನಿಗೆ ತುರುಕಿದ್ದರು. ಕರ್ರ್ ಎಂದಿತು. ಓಡಿಬಂದು ಮುಚ್ಚಳ ತೆಗೆದರೆ ಟೇಪು ಒಳಗೆಲ್ಲ ಶಾವಿಗೆಯಂತೆ ಸುತ್ತಿಕೊಂಡಿತ್ತು. "ಕುಛ್ ನಹೀ ಹುವಾ ಬೇಟಾ" ಎಂದು, ಏನೂ ಆಗೇ ಇಲ್ಲವೆಂಬಂತೆ ತ್ಯಾಗಿಯವರು ಮೆಲ್ಲಗೆ ಮನೆಗೆ ಜಾರಿದರು.

ಹಾಲಿನಲ್ಲಿ ಕುರ್ಚಿ ಜೋಡಿಸುವ ಸದ್ದು ಕೇಳುತ್ತಿತ್ತು. ಯೋಗೀಶ ಉಸಿರು ಬಿಗಿಹಿಡಿದು, ಮೋಟಾರನ್ನು ಬೆರಳಲ್ಲೇ ತಿರುಗಿಸುತ್ತಾ ಟೇಪನ್ನು ಎಳೆ ಎಳೆಯಾಗಿ ಬಿಡಿಸಿದ. ಒಂದೆಡೆ ಸ್ವಲ್ಪ ಸುಕ್ಕಾಗಿತ್ತು, ಅಷ್ಟೇ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಟೀವಿಗೆ ಹಾಕುವ ಮೊದಲು ತಾನೇ ನೋಡಿಕೊಳ್ಳಲೆಂದು ವಿಸಿಆರನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಗುಂಡಿ ಒತ್ತಿದ.

ಬಂತು! ಮದುವೆ ಮಂಟಪ, ಕೆನ್ನೆ ಉಬ್ಬಿಸಿ ಊದುವ ನಾದಸ್ವರದವರು. ಯೋಗೀಶನಿಗೆ ಅಳುವೇ ಬಂತು. ಅಷ್ಟರಲ್ಲಿ ಚಿತ್ರ ಒಮ್ಮೆ ಕದಲಿ, ಹಸಿರು ಮೈದಾನ ಕಾಣಿಸಿಕೊಂಡಿತು. ಬ್ಯಾಟು ಹಿಡಿದವನೊಬ್ಬ ಕ್ರೀಸಿಗೆ ಬರುತ್ತಿದ್ದ. ಮುಂದಕ್ಕೆ ಓಡಿಸಿದ, ಕ್ರಿಕೆಟ್ಟು. ಇನ್ನೂ ಓಡಿಸಿದ, ಕೊನೆಯವರೆಗೂ ಕ್ರಿಕೆಟ್ಟು.

ಹಿಂದೆ ಚಿಲಕ ಬಿದ್ದ ಸದ್ದಾಯಿತು. ಮಾವ ನಿಂತಿದ್ದರು.

"ಅವತ್ತು ಮ್ಯಾಚ್ ರೆಕಾರ್ಡ್ ಮಾಡೋಕೆ ಮನೇಲಿ ಬೇರೆ ಕ್ಯಾಸೆಟ್ ಇರ್ಲಿಲ್ಲ" ಅಂದರು ಪಿಸುದನಿಯಲ್ಲಿ. "ಹಾಳಾಗಿ ಹೋಗ್ಲಿ ಅಂತಾನೇ ಇಷ್ಟು ವರ್ಷ ಬಚ್ಚಲ ಅಟ್ಟದ ಮೇಲೆ ಇಟ್ಟಿದ್ದೆ. ಅವಳು ಯಾವಾಗ ಪೆಟ್ಟಿಗೆಗೆ ಹಾಕ್ಕೊಂಡ್ಳೋ ಗೊತ್ತೇ ಆಗ್ಲಿಲ್ಲ. ನೀವು ಅಳಿಯ, ನಿಮ್ಮನ್ನಾದ್ರೆ ನಾಲ್ಕು ದಿನ ಬೈದು ಸುಮ್ಮನಾಗ್ತಾಳೆ. ನಾನು ಅವಳ ಜೊತೆ ಸಾಯೋತನಕ ಬಾಳ್ಬೇಕು."

ವಯಸ್ಸಾದ ಜೀವ ಕೈಮುಗಿದು ನಿಂತರೆ ಏನು ಮಾಡುತ್ತೀರಿ? ಇಡೀ ದಿನ ಜೀವ ಕೈಯಲ್ಲಿ ಹಿಡಿದು ಉಳಿಸಿದ ಟೇಪನ್ನು ಯೋಗೀಶ ತಾನೇ ಎಳೆದೆಳೆದು ಹರಿದ.

"ಮಷೀನು ನುಂಗಿಬಿಡ್ತು ಅತ್ತೆ" ಅಂದ ಹಾಲಿಗೆ ಬಂದು.

ಲೀಲಾವತಿ ಆ ಗೋಜಲನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೀರು ಹಾಕಿದರು. ಲಾವಣ್ಯಾ ಗಂಡನ ಮುಖವನ್ನೂ ನೋಡಲಿಲ್ಲ. ಚಹಾಕ್ಕೆ ಬಂದಿದ್ದ ತ್ಯಾಗಿಯವರು, ಹುಡುಗರು ಹಿರಿಯರ ಮಾತು ಎಲ್ಲಿ ಕೇಳುತ್ತಾರೆ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆಗ ವೆಂಕಟಸುಬ್ಬಯ್ಯ ಎದ್ದು ನಿಂತರು.

"ಗೊತ್ತಿಲ್ಲದ ಕೆಲಸಕ್ಕೆ ಯಾಕ್ರೀ ಕೈ ಹಾಕಿದ್ರಿ? ಅವರಮ್ಮನ ಮುಖ ಉಳಿದಿದ್ದು ಅದೊಂದ್ರಲ್ಲೇ!" ಎಂದು ಶುರುಮಾಡಿದವರು ಚಹಾ ಆರುವವರೆಗೂ ನಿಲ್ಲಿಸಲಿಲ್ಲ.

ಕೊನೆಗೆ ಲೀಲಾವತಿಯೇ ಕಣ್ಣೊರೆಸಿಕೊಂಡು ಗಂಡನ ಕೈ ಹಿಡಿದು ಕೂರಿಸಿದರು. "ಹೋಗ್ಲಿ ಬಿಡಿ. ನನ್ನ ಸಂಕಟ ಅರ್ಥ ಮಾಡ್ಕೊಳ್ಳೋಕೆ ಈ ಮನೇಲಿ ನೀವೊಬ್ರಾದ್ರೂ ಇದೀರಲ್ಲ."