ಹುಬ್ಬಿಗೆ ಗುದ್ದಿದ ದುರ್ಬೀನಿಗೆ

ನನ್ನ ಬಂದೂಕಿನ ಬೆನ್ನೇರಿ ಕುಳಿತಿರುವ ದುರ್ಬೀನು ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದು, ಆಯುಷ್ಯವೆಲ್ಲ ಲಾರಿಗಳ ಕೆಳಗೆ ಮಲಗಿ ದುಡಿದ ಈ ಮುದುಕನ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಗಾಯವಾಗಿರುವುದು ನನಗೆ. ತಮ್ಮ ಮೇಲಿನ ದೂರನ್ನು ನಾಲ್ಕು ಜನರ ಮುಂದೆಯೇ ಹೇಳಿಬಿಡೋಣವೆಂದು ಈ ಪತ್ರವನ್ನು ನಮ್ಮ ಶೂಟಿಂಗ್ ಕ್ಲಬ್ಬಿನ ಗೋಡೆಗೆ ಅಂಟಿಸುತ್ತಿದ್ದೇನೆ.

ಭಾನುವಾರದ ಪಂದ್ಯಕ್ಕೆ ಕ್ಲಬ್ಬಿನ ಹಿರಿಯರ ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ, ಅದು ನನ್ನದೇ ಎಂದು ಕಂಡಕಂಡವರಿಗೆಲ್ಲ ಸಾರಿದವನು ನಾನು. ಆ ಗೌರವಕ್ಕೆ ತಕ್ಕಂತೆ, ಲಾರಿ ಚಕ್ರದ ನಟ್ಟು ಬಿಗಿಯುವ ಕೈಯಿಂದಲೇ ತಮ್ಮನ್ನು ಬಂದೂಕಿಗೆ ಬಿಗಿದೆ. ತಾವು ಕಿರ್ ಎಂದಿರಿ, ಸಂತೋಷಕ್ಕೆಂದು ತಿಳಿದೆ. ಒಳಗಿನ ಅಡ್ಡಗೆರೆ, ಉದ್ದಗೆರೆಗಳು ಮಂಜಾಗಿ ಕಂಡಾಗ ಗಾಜಿಗೆ ಉಗುಳು ಹಚ್ಚಿ, ಬೆವರೊರೆಸಿದ ಟವಲ್ಲಿನಿಂದಲೇ ಉಜ್ಜಿ ಸೇವೆ ಮಾಡಿದೆ. ಆದರೂ ಮಂಜು ಹೋಗದಿದ್ದಾಗ ಕಣ್ಣನ್ನು ತಮ್ಮ ಬಾಯಿಗೇ ತಂದಿಟ್ಟು ಗುಂಡು ಹಾರಿಸಿದೆ. ಬಂದೂಕು ಹಿಂದಕ್ಕೆ ಒದೆಯಿತು, ತಾವು ನನ್ನ ಹುಬ್ಬಿಗೆ ಮುತ್ತಿಟ್ಟಿರಿ. ಇಷ್ಟು ಜೋರಿನ ಪ್ರೀತಿಯನ್ನು ಮದುವೆಯ ಹೊಸದರಲ್ಲೂ ನಾನು ಕಂಡಿರಲಿಲ್ಲ.

ಗುಂಡು ಎಡಕ್ಕೆ ಹೋಯಿತೆಂದು ಗುರಿ ಹೊಂದಿಸುವ ತಮ್ಮ ತಿರುಪನ್ನು ಬಲಕ್ಕೆ ತಿರುಗಿಸಿದೆ. ಮುಂದಿನದು ಮೇಲೆ ಹೋಯಿತು, ಕೆಳಕ್ಕಿಳಿಸಿದೆ. ಹೀಗೆ ಗುಂಡಿಗೊಂದು ತಿರುವು ಕೊಟ್ಟು ಕೊಟ್ಟು ಕೊನೆಗೆ ಪಕ್ಕದವರ ಗುರಿಹಲಗೆಯ ನಟ್ಟನಡುವೆ ಹೊಡೆದೆ. ಅವರು ಎದ್ದು ನಿಂತು ಧನ್ಯವಾದ ಹೇಳಿದರು. ಪರೋಪಕಾರದಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ಆಗ ಎದ್ದು ಬಂದವಳು ಇದೇ ಕ್ಲಬ್ಬಿನ ಸದಸ್ಯೆಯಾದ ನನ್ನ ಹೆಂಡತಿ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಸರೀರಿ ಆಚೆ!" ಎಂದು ನನ್ನನ್ನು ಎಬ್ಬಿಸಿ, ತಮ್ಮನ್ನು ಸಡಿಲಿಸಿ, ಹುಬ್ಬಿಗೆ ತಾಗದಷ್ಟು ಮುಂದಕ್ಕೆ ಸರಿಸಿ, ಹದವಾಗಿ ಬಿಗಿದಳು. ಆಮೇಲೆ ಕಣ್ಣಿಡುವ ತುದಿಯಲ್ಲಿರುವ ಬಳೆಯನ್ನು ಹಿಡಿದು, "ರೀ, ಇದನ್ನ ಮುಟ್ಟೇ ಇಲ್ವಾ? ಗೆರೆ ಮಂಜಾಗದೆ ಕಾಣೋಕೆ, ನೋಡೋರ ಕಣ್ಣಿಗೆ ತಕ್ಕ ಹಾಗೆ ಮೊದಲು ತಿರುಗಿಸ್ಕೋಬೇಕಾದ್ದೇ ಇದನ್ನ" ಎಂದಳು. ಮಾನ್ಯರೇ, ಇಷ್ಟು ದಿನ ಅದು ಅಲಂಕಾರಕ್ಕಿದೆ ಎಂದುಕೊಂಡಿದ್ದೆ. ಮೂರು ಗುಂಡು ಹೊಡೆಯುವ ತನಕ ಅವಳು ತಿರುಪಿನ ಗೋಜಿಗೇ ಹೋಗಲಿಲ್ಲ. ಮೂರೂ ಒಂದು ಬಿಸ್ಕತ್ತಿನಡಿ ಮುಚ್ಚಿಹೋಗುವಷ್ಟು ಜಾಗದಲ್ಲಿ ಕೂತವು. ಆಮೇಲೆ ಲೆಕ್ಕ ಹಾಕಿ ಒಮ್ಮೆ ತಿರುಗಿಸಿದಳು. ನಾಲ್ಕನೆಯದು ಕಪ್ಪು ಚುಕ್ಕೆಯನ್ನೇ ಕಿತ್ತುಕೊಂಡು ಹೋಯಿತು. ಆಯ್ಕೆಗೆಂದು ನೋಡುತ್ತಿದ್ದ ಕ್ಲಬ್ಬಿನ ತರಬೇತುದಾರರು ತಂಡದ ಜಾಗವನ್ನು ಅಲ್ಲೇ ಅವಳಿಗೆ ಕೊಟ್ಟರು. ಬಂದೂಕಿನ ಪೆಟ್ಟಿಗೆ ಹೊರುವ ಹುದ್ದೆಗೆ ಮಾತ್ರ ನನಗೆ ಎದುರಾಳಿಗಳಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ಭಾನುವಾರದ ಪಂದ್ಯದಲ್ಲಿ ತಾವು ಒಂದೇ ಒಂದು ಕೂದಲೆಳೆಯಷ್ಟು ಡೊಂಕಾಗಿ, ತಪ್ಪು ತಮ್ಮದೇ ಎಂಬ ನನ್ನ ಮಾತನ್ನು ಉಳಿಸಿಕೊಡಬೇಕು. ಅಥವಾ ಬೇಡ, ಬಿಡಿ. ಅವಳು ಸೋತು ಮನೆಗೆ ಬಂದರೆ ದುರ್ಬೀನಿಲ್ಲದೆಯೂ ಗುರಿ ನಾನೇ. ದಯವಿಟ್ಟು ನೆಟ್ಟಗಿದ್ದು ಗೆಲ್ಲಿಸಿಕೊಡಿ. ಚಪ್ಪಾಳೆ ತಟ್ಟಲು ಪೆಟ್ಟಿಗೆ ಕೆಳಗಿಟ್ಟು ಕಾಯುತ್ತಿರುತ್ತೇನೆ.

ತಮ್ಮ ವಿಶ್ವಾಸಿ,
ಬಳೆ ಮುಟ್ಟದ ಮೆಕ್ಯಾನಿಕ್

ತಾ.ಕ.: ಹುಬ್ಬಿನ ಗಾಯ ಹೇಗಾಯಿತೆಂದು ಕ್ಲಬ್ಬಿನಾಚೆ ಕೇಳಿದವರಿಗೆಲ್ಲ ಹೆಂಡತಿ ಕೊಟ್ಟ ಏಟು ಎಂದೇ ಹೇಳುತ್ತಿದ್ದೇನೆ. ಗಾಜಿನ ಕೊಳವೆಯಿಂದ ಗುದ್ದಿಸಿಕೊಂಡೆ ಎನ್ನುವುದಕ್ಕಿಂತ ಅದರಲ್ಲಿ ಮರ್ಯಾದೆ ಹೆಚ್ಚು. ಅವಳ ಗುರಿಯ ಸುದ್ದಿ ಕೇಳಿದವರು ಯಾರೂ ಅನುಮಾನವನ್ನೂ ಪಡುತ್ತಿಲ್ಲ.