ಐದು ಗಂಟಿನ ತಂತಿ

ಅಪ್ಪನ ಲಾರಿಯ ದೀಪವನ್ನು ನಾನೇ ರಿಪೇರಿ ಮಾಡುತ್ತೇನೆ ಎಂದು ಶುಕ್ರವಾರ ಬೆಳಿಗ್ಗೆ ಕೈಯಲ್ಲಿ ಸ್ಕ್ರೂಡ್ರೈವರ್ ಎತ್ತಿ ಹಿಡಿದು, ಹೆಂಡತಿಯ ಸಮ್ಮುಖದಲ್ಲಿ ಘೋಷಿಸಿದೆ. ಹೇಳಿಕೇಳಿ ನಾನು ಭೌತಶಾಸ್ತ್ರದ ಪದವೀಧರ. ನಮ್ಮ ವಂಶದಲ್ಲಿ ಪದವಿ ಎಂಬ ಪದಾರ್ಥವನ್ನು ಮೊದಲು ಮನೆಗೆ ತಂದವನು! ಅಂಥವನು ಒಂದು ಮಂಕು ದೀಪಕ್ಕೆ ಹೆದರುವುದುಂಟೇ?

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಅವಳು ಬಟ್ಟೆ ಹೊಲಿಯುವವಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ.

"ಹೋದ ತಿಂಗಳು ಮಿಕ್ಸಿ ರಿಪೇರಿ ಮಾಡಿದ್ರಿ," ಎಂದಳು.

"ಮಾಡಿದ್ದೆ. ತಿರುಗ್ತಿದೆಯೋ ಇಲ್ವೋ?"

"ತಿರುಗ್ತಿದೆ. ನಿಲ್ಲಿಸಬೇಕಂದ್ರೆ ಇಡೀ ಮನೆಯ ಮೇನ್ ಸ್ವಿಚ್ ಆಫ್ ಮಾಡಬೇಕು."

ಇಂಥ ಮಾತಿಗೆಲ್ಲ ಕಿವಿಗೊಟ್ಟಿದ್ದರೆ ವಿಜ್ಞಾನ ಮುಂದುವರಿಯುತ್ತಿತ್ತೇ?

ಲಾರಿಯ ವಿಷಯ ಸ್ವಲ್ಪ ಹೇಳಬೇಕು. ಅದು ನನಗಿಂತ ಎರಡು ವರ್ಷ ದೊಡ್ಡದು. ಉಬ್ಬಿದ ಮೂತಿ, ಎರಡು ಗುಂಡು ಕಣ್ಣು. ಅಪ್ಪ ಅದನ್ನು ಮೂವತ್ತೈದು ವರ್ಷ ಓಡಿಸಿದ್ದಾರೆ. ನಾನು ಹಳ್ಳಿಯಲ್ಲಿ ಓದುತ್ತಿದ್ದಾಗ ಮನೆಗೆ ಕರೆಂಟು ಇರಲಿಲ್ಲ. ಪರೀಕ್ಷೆಯ ತಿಂಗಳಲ್ಲಿ ಅಪ್ಪ ಸಂಜೆ ಬಾಡಿಗೆ ಮುಗಿಸಿ ಬಂದು ಲಾರಿಯನ್ನು ಜಗಲಿಗೆ ಮುಖ ಮಾಡಿ ನಿಲ್ಲಿಸಿ, ಎಡಗಡೆ ದೀಪ ಒಂದನ್ನೇ ಹಚ್ಚುತ್ತಿದ್ದರು. ಎರಡೂ ಹಚ್ಚಿದರೆ ಬ್ಯಾಟರಿ ಪ್ರಾಣ ಬಿಡುತ್ತಿತ್ತು. ಒಂದೇ ಹಚ್ಚಿದರೂ ಬಿಡುತ್ತಿತ್ತು, ಸ್ವಲ್ಪ ತಡವಾಗಿ. ಬೆಳಿಗ್ಗೆ ನಾನೂ ಅಮ್ಮನೂ ಲಾರಿ ತಳ್ಳುತ್ತಿದ್ದೆವು. ಹೀಗಾಗಿ ನನ್ನ ಪದವಿಯಲ್ಲಿ ಅರ್ಧ ಪಾಲು ಆ ಎಡಗಣ್ಣಿನದು.

ಈಗ ಮಂಕಾಗಿದ್ದುದು ಅದೇ ಕಣ್ಣು. ಶನಿವಾರ ಹನ್ನೊಂದು ಗಂಟೆಗೆ ವಾಹನ ತಪಾಸಣೆ. ಹಿಂದೆ ಎರಡು ಸಲ ಬೇರೆ ಬೇರೆ ಕಾರಣಕ್ಕೆ ವಾಪಸು ಕಳಿಸಿದ್ದರು. ಮೂರನೆಯ ಸಲವೂ ಫೇಲಾದರೆ ಲಾರಿ ನೇರ ಗುಜರಿಗೆ.

ಅತ್ತೆಯ ಮನೆಗೆ ಹೊರಟ ಅಪ್ಪ ಮೂರು ಮಾತು ಹೇಳಿ ಹೋಗಿದ್ದರು. ನಾನು ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯ ಗುಮಾಸ್ತ. ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದು ನನ್ನ ಧರ್ಮ. ಬರೆದಿಟ್ಟುಕೊಂಡೆ. ಒಂದು, ಎಡಗಡೆ ದೀಪ ಮಂಕಾಗಿದೆ. ಎರಡು, ಶನಿವಾರ ಬೆಳಿಗ್ಗೆ ಎಂಟಕ್ಕೆ ಬಂದು ನೋಡ್ತೀನಿ. ಮೂರು, ನೀನು ಮುಟ್ಟಬೇಡ.

ಮೂರನೆಯದು ಪ್ರೀತಿಯಿಂದ ಹೇಳಿದ ಮಾತು, ಮಗನ ಕೈ ಮಸಿಯಾಗದಿರಲಿ ಎಂದು. ನಾನು ಹಾಗೆ ಅರ್ಥ ಮಾಡಿಕೊಂಡೆ.

ಡ್ಯಾಶ್‌ಬೋರ್ಡಿನ ಕೆಳಗಿನ ತಗಡು ಬಿಚ್ಚಿದೆ. ಅಯ್ಯೋ! ಹಾವಿನ ಹುತ್ತಕ್ಕೆ ತಲೆ ಹಾಕಿದಂತಾಯಿತು. ಒಂಬತ್ತು ತಂತಿ, ಒಂಬತ್ತೂ ಕಪ್ಪು. ಅಪ್ಪ ಯಾವ ಕಾಲದಲ್ಲೋ ಒಂದೇ ಸುರುಳಿ ತಂದು ಇಡೀ ಲಾರಿಗೆ ಎಳೆದಿದ್ದರು. ಅದಾದರೂ ಹೋಗಲಿ, ತಂತಿಗಳ ಮೈತುಂಬ ಗಂಟು! ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಒಂದು ತಂತಿಗಂತೂ ಐದು ಗಂಟು, ಅದರ ಇನ್ನೊಂದು ತುದಿ ಎಲ್ಲಿಗೂ ಸೇರಿರಲಿಲ್ಲ!

"ನೋಡಿದ್ಯಾ?" ಎಂದು ಕೂಗಿದೆ. "ತಂತಿ ಉದ್ದವಾದಷ್ಟೂ ಕರೆಂಟಿಗೆ ತಡೆ ಜಾಸ್ತಿ. ಗಂಟು ಹಾಕಿದ್ರೆ ಉದ್ದ ವ್ಯರ್ಥ. ದೀಪ ಮಂಕಾಗದೆ ಇನ್ನೇನಾಗುತ್ತೆ?"

"ಮಾವ ಸುಮ್ಸುಮ್ನೆ ಗಂಟು ಹಾಕೋರಲ್ಲ ರೀ. ಕೇಳಿ ಬಿಚ್ಚಿ."

"ವಿಜ್ಞಾನ ಯಾರನ್ನೂ ಕೇಳಲ್ಲ!"

ಆದರೆ ಬರೆದುಕೊಳ್ಳುತ್ತದೆ. ಪ್ರತಿ ತಂತಿ ಸ್ವಿಚ್ಚುಗಳ ಪಟ್ಟಿಯ ಯಾವ ತಿರುಪಿನಲ್ಲಿತ್ತು, ಅದರಲ್ಲಿ ಎಷ್ಟು ಗಂಟಿತ್ತು ಎಂದು ಕಚೇರಿಯ ಭಾಷೆಯಲ್ಲಿ ನಮೂದಿಸಿದೆ: 'ಎಡದಿಂದ ನಾಲ್ಕನೇ ತಿರುಪು. ಅನಗತ್ಯ ಗಂಟು ಮೂರು. ಬಿಡಿಸಲಾಗಿದೆ.' ಆಮೇಲೆ ತಂತಿಗಳನ್ನು ಸೀಮೆಎಣ್ಣೆಯಿಂದ ಒರೆಸಿ, ದುಂಡಕ್ಷರದಲ್ಲಿ ಅಂಕಿ ಬರೆದ ಚೀಟಿ ಅಂಟಿಸಿದೆ. ಚೀಟಿ ಅಂಟಿಸದೆ ನನಗೆ ಊಟ ಸೇರುವುದಿಲ್ಲ. ಅಡುಗೆಮನೆಯ ಗಾಜಿನ ಡಬ್ಬಿಗೂ 'ಸಕ್ಕರೆ' ಎಂದು ಅಂಟಿಸಿದ್ದೇನೆ. ಅದರಿಂದಾಗಿ ಒಳಗಿನ ಸಕ್ಕರೆ ಕಾಣುವುದಿಲ್ಲ ಎಂಬುದು ಹೆಂಡತಿಯ ದೂರು. ಐದು ಗಂಟಿನ ತಂತಿಯನ್ನು, ಅದರ ಗಂಟನ್ನೂ ಬಿಡಿಸಿ, ಕಿತ್ತು ಹೊರಗೆಸೆದೆ. ಅವಳು ಅದನ್ನು ಎತ್ತಿಕೊಂಡು, ಹೊಲಿದ ರವಿಕೆ ನೇತುಹಾಕಲು ಅಂಗಡಿಯಲ್ಲಿ ಕಟ್ಟಿಕೊಂಡಳು.

ಊಟ ಮುಗಿಸಿ ಬಂದು ನೋಡುತ್ತೇನೆ, ಸೀಮೆಎಣ್ಣೆಯ ಜಿಡ್ಡಿಗೆ ಗೋಂದು ನಿಲ್ಲದೆ ಉಳಿದ ಎಂಟೂ ಚೀಟಿ ಉದುರಿ ನೆಲದ ಮೇಲೆ ಅಂಗಾತ ಮಲಗಿವೆ! ಇರಲಿ, ಅಂದಾಜು ಎಂಬುದು ಒಂದಿದೆಯಲ್ಲ. ಅಂದಾಜಿನಲ್ಲೇ ಜೋಡಿಸಿ ಸೀಟಿನಲ್ಲಿ ಕುಳಿತೆ. ಹೆಂಡತಿ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಲಾರಿಯ ಮುಂದೆ ನಿಂತಳು.

"ಎಡಗಡೆ ಇಂಡಿಕೇಟರ್ ಹಾಕಿದೀನಿ. ಏನಾಯ್ತು?"

"ವೈಪರ್ ಆಡ್ತಿದೆ."

"ಯಾವ ಕಡೆಗೆ?"

"ಎಡಕ್ಕೂ ಹೋಗುತ್ತೆ, ಬಲಕ್ಕೂ ಹೋಗುತ್ತೆ. ನಿಮ್ಮ ಹಾಗೇ."

ಬ್ರೇಕ್ ತುಳಿದೆ. ಭೋಂ! ಹಾರನ್ ಬೀದಿಯನ್ನೇ ನಡುಗಿಸಿತು. ಪಕ್ಕದ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ಎದ್ದು ಗೋಡೆಗೆ ಒತ್ತಿ ನಿಂತು, "ದಾರಿ ಬಿಟ್ಟಿದೀನಪ್ಪಾ, ಹೋಗು!" ಎಂದರು.

"ಈಗ ಹಾರನ್ ಒತ್ತಿ ನೋಡಿ," ಎಂದಳು ಹೆಂಡತಿ, ಹಿಂದಕ್ಕೆ ಹೋಗಿ ನಿಂತು. ಒತ್ತಿದೆ. ಸದ್ದಿಲ್ಲ. "ಬ್ರೇಕ್ ಲೈಟು ಹತ್ತಿತು! ಒಳ್ಳೇದೇ ಆಯ್ತು ಬಿಡಿ. ಹಿಂದಿನವರಿಗೆ ಬೆಳಕು, ಮುಂದಿನವರಿಗೆ ಸದ್ದು. ಯಾರಿಗೂ ಅನ್ಯಾಯ ಇಲ್ಲ."

"ತಡಿ, ಹೆಡ್‌ಲೈಟ್ ಹಾಕ್ತೀನಿ!"

ಹಾಕಿದೆ. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಮಂಕಾಗಿದ್ದ ಎಡಗಣ್ಣಿನ ಜತೆಗೆ ಚೆನ್ನಾಗಿದ್ದ ಬಲಗಣ್ಣೂ ಮುಚ್ಚಿಕೊಂಡಿತು.

"ಅಂತೂ ಎರಡನ್ನೂ ಸಮ ಮಾಡಿದ್ರಿ," ಎಂದು ಹೆಂಡತಿ ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅಪ್ಪ ಬಂದರು. ಚೀಲ ಕೆಳಗಿಡುವ ಮೊದಲೇ ಲಾರಿ ಹತ್ತಿದರು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಲ್ಲಿ ತಡವಿದರು. ಇನ್ನೊಮ್ಮೆ ತಡವಿದರು.

"ಗಂಟು ಎಲ್ಲೋ?"

"ಬಿಡಿಸಿದೆ ಅಪ್ಪ."

"ಎಲ್ಲಾನೂ?"

"ಎಲ್ಲಾನೂ. ಒಂದೂ ಬಾಕಿ ಇಟ್ಟಿಲ್ಲ," ಎಂದೆ, ಮೇಲಧಿಕಾರಿಗೆ ವರದಿ ಒಪ್ಪಿಸುವ ಉತ್ಸಾಹದಲ್ಲಿ. ಆಮೇಲೆ ಅವರ ಮುಖ ನೋಡಿದೆ.

ಅಪ್ಪ ಇಳಿದು ಲಾರಿಯ ಮೆಟ್ಟಿಲ ಮೇಲೆ ಕುಳಿತರು. "ನಿನಗೆ ಅಕ್ಷರ ಬರುತ್ತೆ, ಬರೆದು ಅಂಟಿಸ್ತೀಯ. ನಾನು ಶಾಲೆ ಕಂಡೋನಲ್ಲ. ಒಂದು ಗಂಟು ಅಂದ್ರೆ ಹೆಡ್‌ಲೈಟ್. ಎರಡು ಇಂಡಿಕೇಟರ್, ಅಂಟಿಕೊಂಡಿದ್ರೆ ಎಡ, ದೂರ ದೂರ ಇದ್ರೆ ಬಲ. ಮೂರು ಬ್ರೇಕು. ನಾಲ್ಕು ಹಾರನ್. ಕತ್ತಲಲ್ಲೂ ಕೈಗೆ ಸಿಗ್ತಿತ್ತು. ಅದು ನನ್ನ ಅಕ್ಷರ ಕಣೋ."

ಮೂವತ್ತೈದು ವರ್ಷದ ಪುಸ್ತಕವನ್ನು ಸೀಮೆಎಣ್ಣೆ ಹಾಕಿ ಒರೆಸಿಬಿಟ್ಟಿದ್ದೆ! "ಯಾವ ತಂತಿ ಯಾವ ದೀಪದ್ದು ಅಂತ ಬ್ಯಾಟರಿಗೆ ಮುಟ್ಟಿಸಿ ಕಂಡುಹಿಡೀಬಹುದು," ಎಂದು ಅಪ್ಪ ತಮಗೆ ತಾವೇ ಹೇಳಿಕೊಂಡರು. "ಯಾವ ತಿರುಪಿನಲ್ಲಿತ್ತು ಅನ್ನೋದೇ ಗೊತ್ತಿಲ್ಲ. ಹನ್ನೊಂದಕ್ಕೆ ಅಲ್ಲಿರಬೇಕು. ಇನ್ನು ಗುಜರಿಯೇ ಗತಿ."

ಆಗ ಹೆಂಡತಿ ನನ್ನ ನೋಟುಪುಸ್ತಕ ಹಿಡಿದು ಬಂದಳು.

"ಮಾವ, ಇವರು ಮಾಡಿದ ತಪ್ಪನ್ನೆಲ್ಲ ಸಾಲಾಗಿ ಬರೆದಿಟ್ಟಿದಾರೆ. ಮೊದಲನೇ ಪುಟ ಕೇಳಿ. 'ಮೂರು, ನೀನು ಮುಟ್ಟಬೇಡ.' ಕೆಳಗೆ ಗೀಟು ಬೇರೆ ಎಳೆದಿದಾರೆ."

"ಮುಂದಿನ ಪುಟ!" ಎಂದೆ ನಾನು ಅವಸರದಲ್ಲಿ.

"'ಎಡದಿಂದ ಮೊದಲನೇ ತಿರುಪು. ಅನಗತ್ಯ ಗಂಟು ಒಂದು. ಎರಡನೇ ತಿರುಪು. ಅನಗತ್ಯ ಗಂಟು ಎರಡು, ಅಂಟಿಕೊಂಡಿವೆ. ಮೂರನೇ...'"

ಅಪ್ಪ ಥಟ್ಟನೆ ಎದ್ದರು. "ಎಲ್ಲಾ ಇದೆಯಾ ತಾಯಿ?"

"ಒಂದೂ ಬಿಟ್ಟಿಲ್ಲ ಮಾವ. ಅದೊಂದು ಗುಣ ಇದೆ ಇವರಲ್ಲಿ."

ಫ್ಯೂಸ್ ಬದಲಿಸಿ ಕೆಲಸ ಶುರುವಾಯಿತು. ಅಪ್ಪ ಒಂದೊಂದೇ ತಂತಿಯನ್ನು ಬ್ಯಾಟರಿಗೆ ಮುಟ್ಟಿಸುವುದು, ಹೆಂಡತಿ ಲಾರಿಯ ಸುತ್ತ ಓಡಾಡುತ್ತ "ಬ್ರೇಕ್ ಲೈಟು!" ಎಂದು ಕೂಗುವುದು, ಅಪ್ಪ ಅದಕ್ಕೆ ಮೂರು ಗಂಟು ಹಾಕುವುದು.

"ಅನಗತ್ಯ ಮೂರು ಎಲ್ಲಿತ್ತು ಸ್ವಾಮಿ?" ಎಂದು ಅಪ್ಪ ನನ್ನನ್ನು ಕೇಳುವುದು.

"ನಾಲ್ಕನೇ ತಿರುಪು," ಎಂದು ನಾನು ತಲೆ ತಗ್ಗಿಸಿ ಓದುವುದು.

"ಅನಗತ್ಯ ನಾಲ್ಕು?"

"ಆರನೇ ತಿರುಪು. ಅಪ್ಪಾ, ಆ ಪದ ಬಿಡಿ ಸಾಕು."

"ನೀನೇ ಬರೆದದ್ದಲ್ಲವೇನೋ? ಓದು, ಓದು!"

ಹತ್ತು ಗಂಟೆಗೆ ಎಲ್ಲವೂ ಸರಿಹೋಯಿತು. ಬ್ರೇಕ್ ತುಳಿದರೆ ಬ್ರೇಕ್ ಲೈಟೇ ಹತ್ತಿತು! ಹೆಡ್‌ಲೈಟ್ ಹಾಕಿದೆವು. ಬಲಗಣ್ಣು ಝಗ್ಗೆಂದಿತು. ಎಡಗಣ್ಣು ಮಾತ್ರ ಮೊದಲಿನಂತೆಯೇ ಮಂಕು.

ಅಪ್ಪ ಒಂದು ತುಂಡು ಉಪ್ಪುಕಾಗದ ತೆಗೆದುಕೊಂಡು ದೀಪದ ಹಿಂದೆ ಬಗ್ಗಿದರು. ಅಲ್ಲಿ ಲಾರಿಯ ಮೈಗೆ ಕಚ್ಚಿಸಿದ ಒಂದು ಬೋಲ್ಟು. ಕರೆಂಟು ಬ್ಯಾಟರಿಗೆ ಮರಳುವ ದಾರಿ ಅದೇ ಅಂತೆ, ಅರ್ಥ್ ಬೋಲ್ಟು. ತುಕ್ಕು ಹಿಡಿದಿತ್ತು. ನಾಲ್ಕು ಸಲ ಉಜ್ಜಿ, ಬಿಗಿ ಮಾಡಿದರು. ಎಡಗಣ್ಣು ಫಳ್ಳನೆ ತೆರೆಯಿತು, ನಾನು ಓದಿದ ಕಾಲದಲ್ಲಿ ಹೇಗಿತ್ತೋ ಹಾಗೆ.

"ಇಷ್ಟೇನಾ?" ಎಂದೆ.

"ಇಷ್ಟೇ. ಎರಡು ನಿಮಿಷದ ಕೆಲಸ. ಅದಕ್ಕೇ ಬಂದು ನೋಡ್ತೀನಿ ಅಂದಿದ್ದು."

ತಪಾಸಣೆಯಲ್ಲಿ ಲಾರಿ ಪಾಸಾಯಿತು. ಇನ್ಸ್‌ಪೆಕ್ಟರು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿ, "ಏನ್ರೀ ಇದು, ಇಷ್ಟೊಂದು ಗಂಟು?" ಎಂದು ಹುಬ್ಬೇರಿಸಿದರು. ಅಪ್ಪ ನನ್ನತ್ತ ಬೆರಳು ತೋರಿಸಿದರು. "ನನ್ನ ಮಗ ಪದವೀಧರ ಸಾರ್. ಅವನೇ ವಿವರಿಸ್ತಾನೆ."

ವಿವರಿಸಿದೆ. ಒಂದು ಗಂಟಿನಿಂದ ನಾಲ್ಕು ಗಂಟಿನವರೆಗೆ, ತಪ್ಪಿಲ್ಲದೆ ಒಪ್ಪಿಸಿದೆ. ಇನ್ಸ್‌ಪೆಕ್ಟರು "ಎಷ್ಟು ಚೆನ್ನಾಗಿ ಯೋಚಿಸಿದೀರಿ!" ಎಂದು ನನ್ನ ಕೈ ಕುಲುಕಿದರು. ಅಪ್ಪ ಕೆಮ್ಮಿದರು.

ಮನೆಗೆ ಬಂದ ಮೇಲೆ ಅಪ್ಪನ ಕಣ್ಣು ಅಂಗಡಿಯಲ್ಲಿ ರವಿಕೆ ಹೊತ್ತು ನಿಂತಿದ್ದ ತಂತಿಯ ಮೇಲೆ ಬಿತ್ತು. "ಇದು ಐದು ಗಂಟಿನದಲ್ವಾ?"

"ಹೌದು. ಅದು ಎಲ್ಲಿಗೂ ಹೋಗ್ತಿರಲಿಲ್ಲ ಅಪ್ಪ. ಅದೇನು?"

"ನೀನು ಓದೋವಾಗ ಎಡಗಡೆ ದೀಪ ಒಂದನ್ನೇ ಹಚ್ಚೋಕೆ ಬೇರೆ ತಂತಿ ಎಳೆದಿದ್ದೆ. ನಿನ್ನ ಓದು ಮುಗೀತು, ತಂತಿ ಉಳೀತು. ಐದು ಗಂಟು ಅಂದ್ರೆ, ಕೆಲಸಕ್ಕೆ ಬರಲ್ಲ, ಆದ್ರೂ ಕೀಳೋಕೆ ಮನಸ್ಸಿಲ್ಲ." ತಂತಿಯನ್ನು ಬಿಚ್ಚಿ, ಐದು ಗಂಟು ಹಾಕಿ, ಲಾರಿಯಲ್ಲಿ ಅದರ ಜಾಗಕ್ಕೆ ಸೇರಿಸಿ ಬಂದರು. ನಾನು ಮೂಗು ಒರೆಸಿಕೊಂಡೆ. ಸೀಮೆಎಣ್ಣೆಯ ವಾಸನೆಗೆ ಇರಬೇಕು.

ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೊರಟು, ಹಿತ್ತಲಿನಲ್ಲಿ ಒಣಹಾಕಿದ್ದ ನನ್ನ ಟವೆಲು ಎಳೆದುಕೊಂಡೆ. ಅಂಚಿನಲ್ಲಿ ಏನೋ ಕೈಗೆ ತಗುಲಿತು. ಕಣ್ಣು ಮುಚ್ಚಿ, ಅಪ್ಪನ ಹಾಗೆ ಬೆರಳಲ್ಲೇ ಎಣಿಸಿದೆ.

ಐದು!

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇದ್ದಕ್ಕಿದ್ದಂತೆ ಬಹಳ ಜೋರಾಗಿ ಓಡತೊಡಗಿತು. ಈ ಸಲ ಒಂದನ್ನೂ ಬಿಡಿಸಲಿಲ್ಲ. ಹಾಗೆಯೇ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದೆ.