ಅತ್ತೆಯ ಮಿಷನ್ನೂ ಗಣಪತಿಯ ಸೊಂಡಿಲೂ

ನಮ್ಮ ಸೋದರತ್ತೆಯಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವವರು ಆಂಧ್ರದಲ್ಲೂ ಸಿಗಲಾರರು, ಗಡಿ ದಾಟಿ ಹುಡುಕಿದರೆ ಕರ್ನಾಟಕದಲ್ಲೂ ಸಿಗಲಾರರು. ಅವರು ಹುರುಳಿಕಾಯಿ ಹೆಚ್ಚಿದರೆ ಒಂದು ತುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದವಿರಕೂಡದು. ಚಪಾತಿಯ ಅಂಚು ಸೊಟ್ಟಗಾದರೆ ಮೇಲೊಂದು ತಟ್ಟೆ ಬೋರಲು ಹಾಕಿ ಸುತ್ತ ಕೊಯ್ದು ಗುಂಡಗೆ ಮಾಡುತ್ತಾರೆ. ಕೊಯ್ದ ಚೂರುಗಳನ್ನೆಲ್ಲ ತಿನ್ನುವವರು ಯಾರು ಅಂತೀರಿ? ತಮ್ಮನ ಮಗಳು ಅಂತ ನಾನೊಬ್ಬಳು ಇದ್ದೇನಲ್ಲ! ಇಂಥವರ ಕೈಗೆ ಕಾಗದ ಕತ್ತರಿಸುವ ಮಿಷನ್ ಬಂದರೆ ಅದು ಕೂಡ ನೆಟ್ಟಗೆ ಇರಲೇಬೇಕು ಎಂದು ನಾವೆಲ್ಲ ನಂಬಿದ್ದೆವು.

ಮಾವ ತೀರಿಕೊಂಡ ಮೇಲೆ ಅತ್ತೆ ಹಿಂದೂಪುರದ ನಮ್ಮ ಮನೆಗೇ ಬಂದುಬಿಟ್ಟರು. ಮೊದಲು ರವಿಕೆ ಹೊಲಿಯುತ್ತಿದ್ದರು. ಕಣ್ಣು ಮಂಜಾಗತೊಡಗಿದಾಗ ಫೋನಿನಲ್ಲಿ ಏನೇನೋ ನೋಡಿ ಈ ಮಿಷನ್ ತರಿಸಿಕೊಂಡರು. ಇದರ ಕೆಲಸ ಇಷ್ಟೇ. ಪ್ರಿಂಟರು ಹಾಳೆಯ ತುಂಬ ಚಿತ್ರಗಳನ್ನು ಅಚ್ಚು ಹಾಕಿ, ನಾಲ್ಕು ಮೂಲೆಗೂ ಒಂದೊಂದು ಕಪ್ಪು ಗುರುತು ಹಾಕುತ್ತದೆ. ಮಿಷನ್ನಿನ ಪುಟ್ಟ ಕಣ್ಣು ಆ ಗುರುತುಗಳನ್ನು ನೋಡಿ, ಯಾವ ಚಿತ್ರ ಎಲ್ಲಿದೆ ಎಂದು ಲೆಕ್ಕ ಹಾಕಿ, ಅದರ ಸುತ್ತ ಕತ್ತರಿಸುತ್ತದೆ. ಹುಟ್ಟುಹಬ್ಬದ ಸ್ಟಿಕ್ಕರ್, ಉಪ್ಪಿನಕಾಯಿ ಬಾಟಲಿಯ ಚೀಟಿ ಎಲ್ಲ ಅಂದವಾಗಿ ಬರುತ್ತಿದ್ದವು. ಅತ್ತೆ ಅದರೊಡನೆ ಮಾತಾಡುವುದು ತೆಲುಗಿನಲ್ಲಿ. ಮನೆಯವರ ಜೊತೆ ಕನ್ನಡ, ಹೊರಗಿನವರ ಜೊತೆ ತೆಲುಗು ಎಂಬುದು ಅವರ ಕಾನೂನು. ಮಿಷನ್ ಹೊರಗಿನಿಂದ ಬಂದದ್ದು ತಾನೆ? "ಸರಿಗ್ಗಾ ಕೊಯ್ಯರಾ ನಾಯನಾ", ಅಂದರೆ ಸರಿಯಾಗಿ ಕೊಯ್ಯಪ್ಪಾ, ಎಂದು ಅದರ ತಲೆ ಸವರಿ ಗುಂಡಿ ಒತ್ತುತ್ತಿದ್ದರು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನವರು ಕಲ್ಯಾಣದುರ್ಗದವರು. ತಾಂಬೂಲದ ಚೀಲಕ್ಕೆ ಅಂಟಿಸಲು ಗಣಪತಿಯ ಚಿತ್ರ, ಕೆಳಗೆ ನಮ್ಮಿಬ್ಬರ ಹೆಸರು ಇರುವ ಸ್ಟಿಕ್ಕರ್ ಬೇಕಿತ್ತು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅದ್ನ ನಾನ್ ಮಾಡ್ತೀನಿ ಕಣಮ್ಮಿ. ನಿನ್ ಮದ್ವೇಲಿ ನನ್ ಕೈದು ಏನಾರ ಒಂದು ಇರ್ಲಿ" ಅಂದರು. ಆ ಕೆಲಸ ನಮ್ಮ ಅತ್ತೆಗೇ ಬಿಡಿ ಎಂದು ನನ್ನ ಭಾವಿ ಅತ್ತೆಮ್ಮನಿಗೆ, ಹುಡುಗನ ತಾಯಿಗೆ, ಫೋನಿನಲ್ಲಿ ದುಂಬಾಲು ಬಿದ್ದೆ. ಅವರು, "ನಾವೇ ಬಂದು ನೋಡ್ತೀವಮ್ಮ. ಚೆನ್ನಾಗಿದ್ರೆ ತಗೊಂಡೋಗ್ತೀವಿ. ಇಲ್ದಿದ್ರೆ ಅನಂತಪುರದ ಪ್ರೆಸ್ಸಿಗೆ ಕೊಡ್ತೀವಿ, ಬೇಜಾರ್ ಮಾಡ್ಕೋಬೇಡ" ಎಂದು ಒಪ್ಪಿದರು.

ಅವರು ಬರುವ ದಿನ ಬೆಳಗ್ಗೆ ಮೊದಲ ಹಾಳೆ ಹೊರಗೆ ಬಂತು. ಗಣಪತಿಗೆ ಸೊಂಡಿಲಿಲ್ಲ! ಎರಡನೆಯದರಲ್ಲಿ ಸೊಂಡಿಲು ಉಳಿದಿತ್ತು, ಕಾಲು ಹೋಗಿತ್ತು. ಅದರ ಮುಂದಿನದರಲ್ಲಿ ದೇವರು ಪೂರ್ತಿಯಾಗಿದ್ದ, ನನ್ನ ಗಂಡನಾಗುವವನ ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಅಮ್ಮನ ಮುಖ ಬಿಳಿಚಿಕೊಂಡಿತು. "ಮದ್ವೆ ಮನೇಲಿ ಇದೇನ್ ಅತ್ಗೆ ಅಪಶಕುನ? ಪ್ರೆಸ್ಸಿಗೇ ಕೊಟ್ಬುಡಾನ" ಅಂದರು. ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಈ ಬಾಗಿಲು ಹಾಕುವುದು ಹೊಸ ಹುಚ್ಚು. ಹಾಳೆ ಇಡುವಾಗ ಯಾರೂ ಒಳಗೆ ಇರಬಾರದಂತೆ, ಮಿಷನ್‌ಗೆ ದೃಷ್ಟಿಯಾಗುತ್ತದಂತೆ. ಕತ್ತರಿಸಿದ ಸ್ಟಿಕ್ಕರುಗಳನ್ನು ಮಾತ್ರ ತಟ್ಟೆಯಲ್ಲಿ ತಂದು ತೋರಿಸುತ್ತಿದ್ದರು, ಮಿಕ್ಕ ಕಾಗದವನ್ನು ತಾವೇ ಮುದುರಿ ಕಸಕ್ಕೆ ಹಾಕುತ್ತಿದ್ದರು. ನಾನು ಹೊರಗಿನಿಂದಲೇ ಫೋನಿನಲ್ಲಿ ಹುಡುಕಿ ಹುಡುಕಿ ಉಪಾಯ ಕೂಗತೊಡಗಿದೆ.

"ಅತ್ತೆ, ಬಿಸಿಲು ಬಿದ್ರೆ ಅದರ ಕಣ್ಣು ಕುಕ್ತದಂತೆ, ಪರದೆ ಎಳಿ."

"ಎಳ್ದೆ."

"ಅಂಟಿನ ಮ್ಯಾಟಲ್ಲಿ ಕಾಗ್ದ ಜಾರ್ತಾ ಇದೆಯಾ ನೋಡು."

"ಇಲ್ಲ, ಕಚ್ಕೊಂಡದೆ."

"ಹಂಗಾದ್ರೆ ಪರೀಕ್ಷೆ ಹಾಳೆ ಹಾಕು."

ಪರೀಕ್ಷೆಯ ಹಾಳೆಯೆಂದರೆ ಮಿಷನ್ ತನ್ನ ಕಣ್ಣು ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳುವ ಹಾಳೆ. ಅದು ಗೆರೆಯ ಮೇಲೆ ಗೆರೆ ಕೂತು ಮುತ್ತಿನಂತೆ ಬಂತು. ಸಮಾಧಾನದ ಉಸಿರು ಬಿಟ್ಟೆವು. ಮರುಗಳಿಗೆಗೆ ಮದುವೆಯ ಹಾಳೆ ಬಂತು, ಗಣಪತಿಯ ಕಿವಿ ಹೋಗಿತ್ತು. ಮತ್ತೆ ಪರೀಕ್ಷೆ, ಮತ್ತೆ ಮುತ್ತು. ಮತ್ತೆ ಮದುವೆ, ಮತ್ತೆ ಸೊಂಡಿಲು! ಪರೀಕ್ಷೆಯಲ್ಲಿ ಪಾಸಾಗಿ ಕೆಲಸದಲ್ಲಿ ಫೇಲಾಗುವ ಮಿಷನ್ನನ್ನು ನಾನು ಅದೇ ಮೊದಲು ಕಂಡದ್ದು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. "ಪೆನುಕೊಂಡ ದಾಟಿದ್ವಮ್ಮ" ಎಂದಿತು ಭಾವಿ ಅತ್ತೆಮ್ಮನ ದನಿ. ಅಲ್ಲಿಂದ ನಮ್ಮೂರಿಗೆ ಒಂದು ಗಂಟೆಯ ದಾರಿ. ಒಳಗೆ ಉಳಿದಿದ್ದ ಸ್ಟಿಕ್ಕರ್ ಕಾಗದವೂ ಬೆರಳಲ್ಲಿ ಎಣಿಸುವಷ್ಟೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದೃಷ್ಟಿಯಾದರೆ ಆಗಲಿ ಎಂದು ಬಾಗಿಲು ತಳ್ಳಿಕೊಂಡು ನುಗ್ಗಿದೆ. ಅತ್ತೆಯ ಮುಂದೆ ಹೊಸ ಹಾಳೆ, ಪಕ್ಕದಲ್ಲಿ ಪುಟ್ಟ ಬಟ್ಟಲು. ಬಟ್ಟಲಲ್ಲಿ ಕಲಸಿದ ಅರಿಶಿನ. ಉಂಗುರದ ಬೆರಳು ಅದ್ದಿಕೊಂಡು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ, ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದರು. ಸರಿಯಾಗಿ ಆ ನಾಲ್ಕು ಕಪ್ಪು ಗುರುತುಗಳ ಮೇಲೆ! ಒದ್ದೆ ತಾಗಿ ಪ್ರಿಂಟರಿನ ಮಸಿ ಹರಡಿಕೊಂಡಿತ್ತು. ಗುರುತು ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಆ ಬಡಪಾಯಿ ಮಿಷನ್ ತೋಚಿದ ಕಡೆ ಕತ್ತರಿಸುತ್ತಿತ್ತು. ಪರೀಕ್ಷೆಯ ಹಾಳೆಗೆ ಅರಿಶಿನ ಯಾರು ಹಚ್ಚುತ್ತಾರೆ? ಅದಕ್ಕೇ ಅದು ಪಾಸು.

ನಾನು ನಗುವುದರಲ್ಲಿದ್ದೆ. ಅತ್ತೆ ಬಟ್ಟಲನ್ನು ಸೆರಗಿನ ಹಿಂದೆ ಬಚ್ಚಿಟ್ಟುಕೊಂಡದ್ದನ್ನು ನೋಡಿ ನಗದೆ ಅವರ ಪಕ್ಕದಲ್ಲಿ ಕೂತೆ.

"ಯಾಕತ್ತೆ?"

"ಮದ್ವೆ ಕಾಗ್ದ ಅಲ್ವೇನಮ್ಮಿ, ಬರೀದಾಗಿ ಹೆಂಗ್ ಕೊಡೋದು?"

"ಅದಕ್ಕೆ ಬಾಗ್ಲು ಯಾಕ್ ಹಾಕ್ಕೊಂಡೆ?"

ಅವರು ನನ್ನ ಮುಖ ನೋಡಲಿಲ್ಲ. "ಆ ಮೂಲೆಗಳು ಹೆಂಗೂ ಕಸುಕ್ಕೆ ಹೋಯ್ತವೆ. ನಾನ್ ಹಚ್ಚಿದ್ದು ಯಾರ್ ಕಣ್ಗೂ ಬೀಳಲ್ಲ ಅಂತ."

ಆಗ ನೆನಪಾಯಿತು. ಲಗ್ನಪತ್ರಿಕೆ ಮನೆಗೆ ಬಂದ ದಿನ ಅಮ್ಮ, ದೊಡ್ಡಮ್ಮ, ಬೀದಿಯ ಮುತ್ತೈದೆಯರೆಲ್ಲ ಕೂತು ಅರಿಶಿನ ಹಚ್ಚುವಾಗ ಅತ್ತೆ ಹುಣಸೆಹಣ್ಣು ತರುತ್ತೇನೆಂದು ಮಂಡಿಗೆ ಹೋಗಿದ್ದರು. ಮನೆಯಲ್ಲಿ ಮಡಕೆ ತುಂಬ ಹುಣಸೆಹಣ್ಣಿತ್ತು. ಇವರಿಗೆ ಮರೆವು ಬಂತೆಂದು ಆವತ್ತು ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಮಾತಾಡಲು ಹೊತ್ತಿರಲಿಲ್ಲ. ಹೊಸ ಹಾಳೆಗಳನ್ನು ಅಚ್ಚು ಹಾಕಿ ಹಾಗೆಯೇ ಮಿಷನ್‌ಗೆ ಕೊಟ್ಟೆ. ಗಣಪತಿ ಸೊಂಡಿಲು, ಕಿವಿ, ಕಾಲು ಸಮೇತ ನೆಟ್ಟಗೆ ಎದ್ದು ಬಂದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತೆ ಮಾತ್ರ ಆ ಸ್ಟಿಕ್ಕರುಗಳನ್ನು ನೋಡುತ್ತ ನೋಡುತ್ತ ಮೆಲ್ಲಗೆ ಅಂದರು: "ನೋಡ್ದಾ, ನಾನ್ ಹಚ್ದೆ ಇದ್ರೆ ಎಲ್ಲಾ ಸರಿಯಾಗೇ ಬತ್ತದೆ."

"ಅತ್ತೆ, ಅದು ನೀರಿನ ತಪ್ಪು. ಅಮ್ಮ ಹಚ್ಚಿದ್ರೂ ಮಸಿ ಹಂಗೇ ಹರಡ್ತಿತ್ತು."

"ಹೂಂ ಕಣಮ್ಮಿ, ಅಂಗೇ ಇರ್ಬೌದು" ಎನ್ನುತ್ತ ಕೈ ತೊಳೆಯಲು ಎದ್ದರು. ನಂಬಲಿಲ್ಲ ಎಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಬೀದಿಯಲ್ಲಿ ಕಾರು ನಿಂತ ಸದ್ದು ಕೇಳಿತು. ನಾನು ಅತ್ತೆಯ ಕೈ ಹಿಡಿದೆಳೆದು ಕೂರಿಸಿ, ಬಟ್ಟಲನ್ನು ಅವರ ಮುಂದಿಟ್ಟು, ಎದುರಿಗೆ ಕಾಲು ಚಾಚಿ ಕೂತೆ.

"ಎರಡು ಕೆನ್ನೆ, ಎರಡು ಪಾದ. ನಂಗೂ ನಾಕೇ ಮೂಲೆ ಅತ್ತೆ, ಹಚ್ಚು. ಇವು ಕಸುಕ್ಕೆ ಹೋಗಲ್ಲ."

"ಬ್ಯಾಡ ಕಣೆ, ಬಾಗ್ಲಾಗೆ ಬಂದವ್ರೆ, ನೋಡ್ತಾರೆ."

"ನೋಡ್ಲಿ ಅಂತಲೇ."

ಗಂಡಿನವರು ಬೀದಿಬಾಗಿಲು ಬಡಿದರು. ಅಮ್ಮ ಒಳಕ್ಕೆ ಓಡಿ ಬಂದು, ನಮ್ಮಿಬ್ಬರನ್ನೂ ಬಟ್ಟಲನ್ನೂ ನೋಡಿ, ಹೊಸಿಲಲ್ಲೇ ನಿಂತುಬಿಟ್ಟರು. ಅತ್ತೆ ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ಹಚ್ಚಿದರು. ಒಂದು ಕೆನ್ನೆಯದು ಕಣ್ಣಿನ ಹತ್ತಿರಕ್ಕೆ ಏರಿತು, ಇನ್ನೊಂದು ಕೆನ್ನೆಯದು ಗದ್ದಕ್ಕೆ ಜಾರಿತು. ಅಷ್ಟು ಅಚ್ಚುಕಟ್ಟಿನ ನಮ್ಮ ಅತ್ತೆ ಜೀವನದಲ್ಲಿ ಒಮ್ಮೆಯಾದರೂ ಅಷ್ಟು ಸೊಟ್ಟ ಕೆಲಸ ಮಾಡಿರಲಿಲ್ಲ. ಸೆರಗಿನಿಂದ ಒರೆಸಿ ಸರಿಮಾಡಲು ಬಂದರು, ನಾನು ಬಿಡಲಿಲ್ಲ. ಹಾಗೇ ಎದ್ದುಹೋಗಿ ನಾನೇ ಬಾಗಿಲು ತೆಗೆದೆ.